ತಾರಸಿಯ ಗಾಳಿಯಂತ್ರ: ಲೆಕ್ಕ ಕೂಡುವುದೇ?

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದ ಮುಂದೆ ಈಚೆಗೆ ಒಂದು ಪ್ರಸ್ತಾವ ಬಂದಿತು. ಮೀಸಲು ನಿಧಿಯಿಂದ ತಾರಸಿಯ ಮೇಲೆ ಲಂಬ ಅಕ್ಷದ ಗಾಳಿಯಂತ್ರಗಳನ್ನು ನಿಲ್ಲಿಸಿ, ಲಿಫ್ಟ್ ಮತ್ತು ಪಂಪಿನ ವಿದ್ಯುತ್ ವೆಚ್ಚ ತಗ್ಗಿಸಬೇಕೆಂಬುದು ಅದರ ಸಾರ. ಆಶಯ ಶ್ಲಾಘನೀಯ. ಆದರೆ ದಶಕಗಳ ಕಾಲ ಸರ್ಕಾರಿ ಕಡತಗಳನ್ನು ನೋಡಿದ ನನಗೆ ಮೊದಲು ಅಂಕಿಗಳನ್ನು ಕೇಳುವ ಅಭ್ಯಾಸ.

ಈ ಯಂತ್ರಗಳ ಪರವಾದ ವಾದದಲ್ಲಿ ಹುರುಳಿಲ್ಲದಿಲ್ಲ. ನೆಟ್ಟ ಕಂಬದ ಸುತ್ತ ತಿರುಗುವ ಇವು ಯಾವ ದಿಕ್ಕಿನ ಗಾಳಿಯನ್ನಾದರೂ ಹಿಡಿಯುತ್ತವೆ. ಜನರೇಟರ್ ಬುಡದಲ್ಲೇ ಇರಬಹುದಾದ್ದರಿಂದ ದುರಸ್ತಿ ಸುಲಭ. ಆದರೆ ಕಲ್ಪನೆ ಹೊಸದಲ್ಲ. ಫ್ರಾನ್ಸಿನ ಜಾರ್ಜ್ ಡಾರಿಯೂ 1920ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಕೆನಡಾದ ಕ್ವಿಬೆಕ್‌ನಲ್ಲಿ 1980ರ ದಶಕದಲ್ಲಿ ಎದ್ದುನಿಂತ, ಸುಮಾರು 110 ಮೀಟರ್ ಎತ್ತರದ ‘ಇಯೋಲ್’ ಯಂತ್ರವು ಬುಡದ ಬೇರಿಂಗ್ ಕೆಟ್ಟು 1993ರಲ್ಲಿ ಸ್ತಬ್ಧವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನೂರಾರು ಇಂತಹ ಯಂತ್ರಗಳನ್ನು ಸ್ಥಾಪಿಸಿದ್ದ ಫ್ಲೋವಿಂಡ್ ಕಂಪನಿ 1997ರಲ್ಲಿ ದಿವಾಳಿಯಾಯಿತು. ಪ್ರತಿ ಸುತ್ತಿನಲ್ಲೂ ರೆಕ್ಕೆಯ ಮೇಲಿನ ಒತ್ತಡ ಏರಿಳಿಯುವುದರಿಂದ ಲೋಹ ಬೇಗ ಬಳಲಿ ಬಿರುಕುಬಿಡುವುದು ಈ ವಿನ್ಯಾಸದ ಮೂಲ ದೌರ್ಬಲ್ಯ.

ನಮ್ಮ ತಾರಸಿಯ ಲೆಕ್ಕ ಇನ್ನೂ ಸರಳ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಯಂತ್ರದ ಮೇಲೆ ಸೆಕೆಂಡಿಗೆ ಮೂರು ಮೀಟರ್ ವೇಗದ ಗಾಳಿ ಬೀಸಿದರೆ ಹಾಯುವ ಶಕ್ತಿ ಸುಮಾರು 60 ವಾಟ್. ಅದರ ಕಾಲುಭಾಗ ದಕ್ಕಿದರೆ 15 ವಾಟ್, ಅಂದರೆ ತಿಂಗಳಿಗೆ ಹನ್ನೊಂದು ಯೂನಿಟ್. ಗಾಳಿಯ ಏರಿಳಿತದ ಲಾಭವನ್ನು ಪರಿಗಣಿಸಿ ಇಮ್ಮಡಿಗೊಳಿಸಿದರೂ ಇಪ್ಪತ್ತೆರಡು. ಅದೇ ತಾರಸಿಯಲ್ಲಿ ಒಂದು ಕಿಲೋವಾಟ್ ಸೌರಫಲಕ ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ಕೊಡಬಲ್ಲದು. ಅದರಲ್ಲಿ ತಿರುಗಿ ಸವೆಯುವ ಭಾಗವೂ ಇಲ್ಲ.

ಇದು ಪವನಶಕ್ತಿಯ ವಿರುದ್ಧದ ಮಾತಲ್ಲ. ಚಿತ್ರದುರ್ಗ, ಗದಗದ ಬೆಟ್ಟಸಾಲುಗಳಲ್ಲಿ ಎತ್ತರದ ಸಾಂಪ್ರದಾಯಿಕ ಯಂತ್ರಗಳು ಅದನ್ನು ಸಾರ್ಥಕವಾಗಿ ದುಡಿಸಿಕೊಳ್ಳುತ್ತಿವೆ. ಗಾಳಿ ಇರುವಲ್ಲಿಗೆ ಯಂತ್ರ ಹೋಗಬೇಕೇ ಹೊರತು, ಯಂತ್ರ ಇರುವಲ್ಲಿಗೆ ಗಾಳಿ ಬರುವುದಿಲ್ಲ. ಹೀಗಾಗಿ ಮಾರಾಟಗಾರರ ‘ಗರಿಷ್ಠ ಸಾಮರ್ಥ್ಯ’ವನ್ನು ನಂಬುವ ಮೊದಲು, ವರ್ಷವಿಡೀ ತಾರಸಿಯ ಗಾಳಿಯ ವೇಗವನ್ನು ಅಳೆಯಬೇಕೆಂದು ನಾನು ಸಭೆಯಲ್ಲಿ ಸೂಚಿಸಿದೆ. ನಿಧಿಯಲ್ಲಿರುವುದು ನಿವೃತ್ತರ ಪಿಂಚಣಿಯಿಂದಲೂ ಕೂಡಿಬಂದ ಹಣ. ಅದನ್ನು ಪ್ರದರ್ಶನದ ವಸ್ತುವಿಗೆ ತೊಡಗಿಸುವುದು ಪರಿಸರಪ್ರೇಮವೆನಿಸದು.