ಹಡಗಿನ ಲೆಕ್ಕ ಮನೆಬಾಗಿಲಿಂದ ಶುರುವಾಗಲಿ

ಮಳೆಗಾಲ ಮುಗಿದು ಅರಬ್ಬಿ ಸಮುದ್ರ ಶಾಂತವಾಗುವ ಹೊತ್ತಿಗೆ ಕ್ರೂಸ್ ಪ್ರವಾಸದ ಜಾಹೀರಾತುಗಳೂ ಶುರುವಾಗುತ್ತವೆ. ಪಶ್ಚಿಮ ಕರಾವಳಿಯಲ್ಲಿ ಅಕ್ಟೋಬರ್‌ನಿಂದ ಮೇ ತನಕ ಇದರ ಹಂಗಾಮು. ಒಂದು ಕಾಲಕ್ಕೆ ಹಣವಂತರು ವಿದೇಶಕ್ಕೆ ಹೋಗಿ ಹತ್ತುತ್ತಿದ್ದ ಇಂಥ ಹಡಗು ಈಗ ಮಧ್ಯಮ ವರ್ಗದ ರಜೆಯ ಮಾತುಕತೆಯಲ್ಲೂ ಬರುತ್ತಿದೆ. 2019ರಲ್ಲಿ ಮುಂಬೈಯಲ್ಲಿ ಶುರುವಾದ ಜಲೇಶ್ ಕ್ರೂಸಸ್ ಕೋವಿಡ್ ಹೊಡೆತಕ್ಕೆ ಮರುವರ್ಷವೇ ಬಾಗಿಲು ಹಾಕಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಓಡಾಟ ಆರಂಭಿಸಿದ ಮೇಲೆ ಗೋವಾ, ಲಕ್ಷದ್ವೀಪ, ಕೊಚ್ಚಿಗಳತ್ತ ಪ್ರಯಾಣ ಮತ್ತೆ ಸಾಧ್ಯವಾಯಿತು. ಮನೆಮಂದಿಯೆಲ್ಲ ಸೇರಿ ಸಮುದ್ರದ ಮೇಲೆ ಕೆಲವು ದಿನ ಕಳೆಯುವ ಆಸೆಯಲ್ಲಿ ತಪ್ಪೇನೂ ಇಲ್ಲ. ತಪ್ಪುವುದು ಲೆಕ್ಕ. ಜಾಹೀರಾತಿನ ದರ ಶುರುವಾಗುವುದು ಬಂದರಿನ ಗೇಟಿನಿಂದ. ನಮ್ಮ ಖರ್ಚು ಶುರುವಾಗುವುದು ಮನೆಯ ಬಾಗಿಲಿನಿಂದ. ಈ ಅಂತರವನ್ನು ಗಮನಿಸದೆ ಕೊಂಡ ಅಗ್ಗದ ಟಿಕೆಟ್ಟೇ ಎಷ್ಟೋ ಸಲ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಮೊದಲು ಈ ವ್ಯಾಪಾರದ ಒಳಗುಟ್ಟು ತಿಳಿಯಬೇಕು. ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆಯಾದ ಕಾರ್ನಿವಲ್ 2024ರಲ್ಲಿ ಗಳಿಸಿದ ಆದಾಯ ಸುಮಾರು 2,500 ಕೋಟಿ ಡಾಲರ್. ಅದರಲ್ಲಿ ಟಿಕೆಟ್ ಮಾರಾಟದ್ದಲ್ಲದ, ಬಹುಪಾಲು ಹಡಗಿನೊಳಗಿನ ಖರ್ಚಿನಿಂದ ಬಂದ ಪಾಲು 850 ಕೋಟಿ ಡಾಲರ್‌ಗೂ ಹೆಚ್ಚು, ಅಂದರೆ ಮೂರನೇ ಒಂದು ಭಾಗ. ಇದು ಮೇಲುಖರ್ಚಲ್ಲ, ವ್ಯಾಪಾರದ ಎರಡನೇ ಕಾಲು. ಟಿಕೆಟ್ ದರವನ್ನು ಕೆಳಗಿಟ್ಟು ಜನರನ್ನು ಹತ್ತಿಸಿಕೊಳ್ಳುವುದು, ಹತ್ತಿದ ಮೇಲೆ ಪಾನೀಯ, ವೈಫೈ, ಸ್ಪಾ, ವಿಶೇಷ ರೆಸ್ಟೋರೆಂಟು, ಫೋಟೊ, ದಡದ ಸುತ್ತಾಟಗಳಲ್ಲಿ ಉಳಿದದ್ದನ್ನು ಗಳಿಸುವುದು ಇಲ್ಲಿನ ಕ್ರಮ. ಹಡಗಿನೊಳಗೆ ನೋಟು ಎಣಿಸಿ ಕೊಡುವ ಪ್ರಮೇಯವೇ ಇರುವುದಿಲ್ಲ. ಕೋಣೆಯ ಬಾಗಿಲು ತೆಗೆಯುವ ಕಾರ್ಡೇ ಎಲ್ಲ ಕಡೆ ಹಣದ ಕೆಲಸ ಮಾಡುತ್ತದೆ, ಒಟ್ಟು ಬಿಲ್ಲು ಕೈಗೆ ಬರುವುದು ಇಳಿಯುವ ಹೊತ್ತಿಗೆ. ಮಕ್ಕಳು ಕೇಳಿದ ಒಂದೊಂದು ಪೇಯ, ಒಂದೊಂದು ಆಟ ಅಲ್ಲಿ ಸಾಲಾಗಿ ಕೂತಿರುತ್ತದೆ. ಇದರಲ್ಲಿ ಮೋಸವಿಲ್ಲ, ದರಪಟ್ಟಿ ಎದುರಿಗೇ ಇರುತ್ತದೆ. ಆದರೆ ಮನೆಯಲ್ಲಿ ಕೂತು ಬಜೆಟ್ ಹಾಕುವಾಗ ಆ ಪಟ್ಟಿಯನ್ನು ಓದುವವರು ಕಡಿಮೆ. ಊಟ, ವಾಸ, ಈಜುಕೊಳ, ಸಂಜೆಯ ಕಾರ್ಯಕ್ರಮ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಅದು ನಿಜವಾದ ಲಾಭ. ಅದರಾಚೆಗೆ ತಮಗೆ ಏನು ಬೇಕು ಎಂಬುದನ್ನು ಹತ್ತುವ ಮೊದಲೇ ತೀರ್ಮಾನಿಸಿ ಒಂದು ಮೊತ್ತ ಬರೆದಿಟ್ಟುಕೊಂಡವರಿಗೆ ಆ ಲಾಭ ಕೈಯಲ್ಲಿ ಉಳಿಯುತ್ತದೆ.

ಈಗ ಎರಡು ರಾತ್ರಿಯ ಪ್ರವಾಸಕ್ಕೆ ಬರೋಣ. ನಮ್ಮಲ್ಲಿ ಹೆಚ್ಚು ಜನರನ್ನು ಸೆಳೆಯುವುದು ಅದೇ, ಏಕೆಂದರೆ ಒಟ್ಟು ಮೊತ್ತ ಚಿಕ್ಕದಾಗಿ ಕಾಣುತ್ತದೆ. ಎರಡು ರಾತ್ರಿ ಎಂದರೆ ಮೊದಲ ದಿನ ಮಧ್ಯಾಹ್ನ ಹತ್ತಿ ಮೂರನೇ ದಿನ ಬೆಳಗ್ಗೆ ಇಳಿಯುವುದು. ಹೆಚ್ಚೆಂದರೆ ನಲವತ್ತು ಗಂಟೆಯ ಮಾತು. ಅದರಲ್ಲಿ ತಪಾಸಣೆಯ ಸಾಲು, ಸುರಕ್ಷತಾ ಅಭ್ಯಾಸ, ಇಳಿಯುವ ಹಿಂದಿನ ರಾತ್ರಿ ಗಂಟುಮೂಟೆ ಕಟ್ಟುವುದು, ನಿದ್ದೆ ಎಲ್ಲ ಕಳೆದರೆ ಸಮುದ್ರ ನೋಡಲು ಸಿಗುವುದು ಒಂದು ಪೂರ್ತಿ ಹಗಲು. ಇಷ್ಟಕ್ಕಾಗಿ ದಾವಣಗೆರೆಯದೋ ಮೈಸೂರಿನದೋ ಕುಟುಂಬ ಮುಂಬೈ ಮುಟ್ಟಬೇಕು. ಹಡಗು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಹಿಂದಿನ ದಿನವೇ ತಲುಪಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುವುದೇ ಬುದ್ಧಿವಂತಿಕೆ. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಗಂಡ ಹೆಂಡತಿ ಇಬ್ಬರಿಗೆ ಹೋಗಿಬರುವ ಪ್ರಯಾಣ, ಟ್ಯಾಕ್ಸಿ, ಲಾಡ್ಜು ಸೇರಿ 30 ಸಾವಿರ. ಎರಡು ರಾತ್ರಿಯ ಟಿಕೆಟ್ಟು ತೆರಿಗೆ ಸೇರಿ 50 ಸಾವಿರ. ಹಡಗಿನೊಳಗಿನ ಖರ್ಚು ರಾತ್ರಿಗೆ 5 ಸಾವಿರದಂತೆ 10 ಸಾವಿರ. ಒಟ್ಟು 90 ಸಾವಿರ, ಅಂದರೆ ಒಂದು ರಾತ್ರಿಗೆ 45 ಸಾವಿರ. ಅದೇ ಜೋಡಿ ಐದು ರಾತ್ರಿಗೆ 1 ಲಕ್ಷದ 15 ಸಾವಿರ ಕೊಟ್ಟು, ಒಳಗಿನ ಖರ್ಚಿಗೆ 25 ಸಾವಿರ ಇಟ್ಟುಕೊಂಡರೂ ಪ್ರಯಾಣದ 30 ಸಾವಿರ ಬದಲಾಗುವುದಿಲ್ಲ. ಒಟ್ಟು 1 ಲಕ್ಷದ 70 ಸಾವಿರ, ರಾತ್ರಿಗೆ 34 ಸಾವಿರ. ಅಂಕಿಗಳು ಮನೆಯಿಂದ ಮನೆಗೆ, ಹಂಗಾಮಿನಿಂದ ಹಂಗಾಮಿಗೆ ಬೇರೆಯಾಗುತ್ತವೆ, ಆದರೆ ಲೆಕ್ಕದ ಒಲವು ಹೀಗೆಯೇ ಇರುತ್ತದೆ. ಪ್ರವಾಸ ಚಿಕ್ಕದಾದಷ್ಟೂ ಮೂಗಿಗಿಂತ ಮೂಗುತಿ ಭಾರ.

ಕೈಯಲ್ಲಿ ತೊಂಬತ್ತೇ ಸಾವಿರ ಇರುವವರಿಗೆ ಒಂದು ಲಕ್ಷದ ಎಪ್ಪತ್ತು ಸಾವಿರದ ಲಾಭ ಹೇಳಿ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಶಾಲೆಯ ರಜೆ, ಕಚೇರಿಯ ರಜೆ ಎರಡೂ ಕೂಡಿಬರುವುದು ಎಷ್ಟು ಕಷ್ಟ ಎಂಬುದೂ ಗೊತ್ತಿರುವ ಸಂಗತಿ. ಸಾಲ ಮಾಡಿ ದೊಡ್ಡ ಹಡಗು ಹತ್ತಿ ಎಂಬುದು ಇಲ್ಲಿನ ಸಲಹೆಯಲ್ಲ. ಅಷ್ಟೇ ಹಣಕ್ಕೆ ನಿಜವಾಗಿ ಬೇಕಾದದ್ದು ಏನು ಎಂದು ಕೇಳಿಕೊಳ್ಳಬೇಕು. ಬೇಕಾದದ್ದು ಹಡಗಿನ ಥಳುಕಲ್ಲ, ಹವಳದ ದ್ವೀಪ ಎನ್ನುವುದಾದರೆ ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ಕೊಚ್ಚಿಯಿಂದ ನಡೆಸುತ್ತ ಬಂದಿರುವ ‘ಸಮುದ್ರಂ’ ಪ್ರವಾಸವನ್ನು ನೋಡಬಹುದು. ‘ಎಂ.ವಿ. ಕವರತ್ತಿ’ ಹಡಗಿನಲ್ಲಿ ರಾತ್ರಿ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಕಳೆಯುವ ಐದು ದಿನಗಳ ಯೋಜನೆ ಅದು. ಕ್ಯಾಸಿನೊ ಇಲ್ಲ, ಸಂಜೆಯ ಅಬ್ಬರ ಇಲ್ಲ. ದ್ವೀಪದ ಮರಳಿನಲ್ಲಿ ಕಾಲೂರುವ ಹೊತ್ತು ಹೆಚ್ಚು. ದೊಡ್ಡ ಕ್ರೂಸ್ ಹಡಗುಗಳು ದ್ವೀಪದಾಚೆ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಕಡಲು ಏರುಪೇರಾದರೆ ಕ್ಯಾಪ್ಟನ್ ಆ ನಿಲುಗಡೆಯನ್ನೇ ಕೈಬಿಡಬಹುದು, ಟಿಕೆಟ್ಟಿನ ಕರಾರುಗಳು ಸಾಮಾನ್ಯವಾಗಿ ಅದಕ್ಕೆ ಅವಕಾಶ ಕೊಟ್ಟಿರುತ್ತವೆ. ದ್ವೀಪಕ್ಕಾಗಿಯೇ ಹಣ ಕೊಡುವವರು ಈ ಮಾತನ್ನು ಮೊದಲೇ ತಿಳಿದಿರಬೇಕು.

ಉಳಿತಾಯ ಮಾಡಲು ನಿಜವಾದ ಜಾಗಗಳೂ ಇವೆ. ಕಿಟಕಿ ಇಲ್ಲದ ಒಳಕೋಣೆಗೂ ಬಾಲ್ಕನಿ ಕೋಣೆಗೂ ದರದಲ್ಲಿ ದೊಡ್ಡ ಅಂತರವಿರುತ್ತದೆ, ಆದರೆ ಇಬ್ಬರ ಮುಖ್ಯ ಊಟವೂ ಒಂದೇ, ಈಜುಕೊಳವೂ ಒಂದೇ, ಡೆಕ್ಕಿನ ಮೇಲಿನ ಸೂರ್ಯಾಸ್ತವೂ ಒಂದೇ. ಹಗಲೆಲ್ಲ ಹೊರಗೇ ಇರುವ ಕುಟುಂಬಕ್ಕೆ ಒಳಕೋಣೆ ಸಾಕು. ಇಕ್ಕಟ್ಟು ಸಹಿಸದವರಿಗೆ ಮಾತ್ರ ಅದು ಬೇಡ. ದರವನ್ನು ಒಂದು ಕೋಣೆಗೆ ಇಬ್ಬರೆಂದು ಹಿಡಿದು ನಿಗದಿ ಮಾಡುವುದರಿಂದ ಅದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ, ಒಂಟಿಯಾಗಿ ಹೋಗುವವರು ಖಾಲಿ ಮಂಚಕ್ಕೂ ತೆರಬೇಕಾಗಿ ಬರಬಹುದು. ದೀಪಾವಳಿ, ಕ್ರಿಸ್ಮಸ್ ವಾರಗಳನ್ನು ಬಿಟ್ಟು ವಾರದ ನಡುವೆ ಹೊರಡುವವರಿಗೆ ದರ ಇಳಿಯುತ್ತದೆ. ಕೊನೇ ಗಳಿಗೆಯ ರಿಯಾಯಿತಿಗೆ ಕಾಯುವುದು ಬಂದರಿನ ಊರಿನಲ್ಲೇ ಇರುವವರಿಗೆ ಒಳ್ಳೆಯ ಉಪಾಯ. ದೂರದಿಂದ ಹೋಗುವವರು ಹಡಗಿನಲ್ಲಿ ಉಳಿಸಿದ್ದನ್ನು ಕೊನೇ ಗಳಿಗೆಯ ವಿಮಾನಕ್ಕೆ ಸುರಿಯುತ್ತಾರೆ.

ಬೆಂಗಳೂರಿನವರಲ್ಲಿ ಹಲವರಿಗೆ ಮುಂಬೈಗಿಂತ ಸಿಂಗಪುರದ ಹಡಗುಗಳ ಮೇಲೆ ಕಣ್ಣು. ಅಲ್ಲಿ ಹಡಗು ದೊಡ್ಡದು, ನೇರ ವಿಮಾನವೂ ಇದೆ. ಆದರೆ ಲೆಕ್ಕದ ಪಟ್ಟಿ ಉದ್ದವಾಗುತ್ತದೆ. ಹಡಗು ಸಿಂಗಪುರದಿಂದ ಹೊರಟು ಅಲ್ಲಿಗೇ ಮರಳುವುದರಿಂದ ಎರಡು ಬಾರಿ ಒಳಬರಲು ಒಪ್ಪುವ ವೀಸಾ ಬೇಕು. ಸಿಬ್ಬಂದಿಯ ಟಿಪ್ಸ್ ಎಂದು ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ ಹದಿನೈದು ಇಪ್ಪತ್ತು ಡಾಲರ್ ಬಿಲ್ಲಿಗೆ ಸೇರಿಸುತ್ತವೆ. ನಾಲ್ಕು ಜನರ ಕುಟುಂಬಕ್ಕೆ ನಾಲ್ಕು ರಾತ್ರಿಗೆ ಅದೇ ಸಣ್ಣ ಮೊತ್ತವಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಹಣ ಕಟ್ಟಿದರೆ ಬ್ಯಾಂಕಿನ ಶುಲ್ಕ ಬೇರೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್, ನಷ್ಟವಲ್ಲ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಆದರೂ ಬುಕ್ ಮಾಡುವ ದಿನ ಕೈಯಿಂದ ಹಣ ಹೋಗುತ್ತದಲ್ಲ. ಇನ್ನೊಂದು ಮಾತು: ನಡುಕಡಲಿನಲ್ಲಿ ಫೋನು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಹೊಂದಿಕೊಂಡರೆ ಸಾಮಾನ್ಯ ರೋಮಿಂಗ್ ಪ್ಯಾಕ್ ಉಪಯೋಗಕ್ಕೆ ಬಾರದೆ ಭಾರೀ ಬಿಲ್ಲು ಬರಬಹುದು. ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕುವುದಕ್ಕೆ ಕಾಸೂ ಖರ್ಚಿಲ್ಲ.

ರಜೆಯನ್ನೂ ಹೀಗೆ ಪೈಸೆ ಪೈಸೆಯಾಗಿ ಅಳೆದರೆ ಅದರಲ್ಲಿ ಸುಖವೇನು ಉಳಿಯಿತು ಎಂಬ ಆಕ್ಷೇಪವೂ ಇದೆ. ಅದರಲ್ಲಿ ಸತ್ಯವಿದೆ, ಮತ್ತು ಹಡಗಿನ ಪರವಾಗಿ ಹೇಳಬೇಕಾದ ಬಲವಾದ ಮಾತೂ ಅಲ್ಲೇ ಇದೆ. ಮಂಡಿನೋವಿನ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಬಸ್ಸು ಹತ್ತಿಳಿಯುತ್ತ, ದಿನಕ್ಕೊಂದು ಲಾಡ್ಜಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಪ್ರವಾಸಕ್ಕೆ ಹೋಲಿಸಿದರೆ ಹಡಗಿನಲ್ಲಿ ಪೆಟ್ಟಿಗೆ ಬಿಚ್ಚುವುದು ಒಂದೇ ಸಲ, ಲಿಫ್ಟ್ ಇದೆ, ಊಟ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಭಾರತೀಯ ಪ್ರಯಾಣಿಕರಿಗಾಗಿ ಓಡುವ ಹಡಗಿನಲ್ಲಿ ಸಸ್ಯಾಹಾರ, ಜೈನ ಊಟಕ್ಕೂ ಪರದಾಡಬೇಕಿಲ್ಲ. ಮೂರು ತಲೆಮಾರು ಒಟ್ಟಿಗೆ ಇರುತ್ತಲೇ ಅವರವರ ಇಷ್ಟದಂತೆ ಹಗಲು ಕಳೆಯಬಹುದಾದ ಜಾಗಗಳು ನಮ್ಮಲ್ಲಿ ಹೆಚ್ಚಿಲ್ಲ. ಅಂಥ ಕುಟುಂಬಕ್ಕೆ ರಾತ್ರಿಗೆ ಮೂವತ್ತನಾಲ್ಕು ಸಾವಿರವೂ ಹಣ ಸಾರ್ಥಕವಾದಂತೆಯೇ. ಲೆಕ್ಕ ಹಾಕುವುದು ಈ ಸುಖವನ್ನು ಕಸಿಯಲಿಕ್ಕಲ್ಲ. ಕೊನೆಯ ಬೆಳಗ್ಗೆ ಬಿಲ್ಲು ನೋಡಿ ಮನೆಯವರ ಮುಖ ಸಪ್ಪಗಾಗದಿರಲಿ ಎಂಬುದಕ್ಕೆ.

ಆದರೆ ಲೆಕ್ಕದ ಭಾರವನ್ನೆಲ್ಲ ಗ್ರಾಹಕನ ತಲೆಗೇ ಹೊರಿಸುವುದು ಸರಿಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ದಾರಿತಪ್ಪಿಸುವ ತಂತ್ರಗಳನ್ನು ಹೆಸರಿಸಿದೆ. ಮೊದಲು ಕಡಿಮೆ ದರ ತೋರಿಸಿ ಕೊನೆಯ ಹಂತದಲ್ಲಿ ಒಂದೊಂದಾಗಿ ಶುಲ್ಕ ಸೇರಿಸುವುದೂ ಅವುಗಳಲ್ಲಿ ಒಂದು. ‘ಇಷ್ಟು ಸಾವಿರದಿಂದ ಶುರು’ ಎಂದು ದೊಡ್ಡಕ್ಷರದಲ್ಲಿ ಬರೆದು ತೆರಿಗೆ, ಬಂದರು ಶುಲ್ಕಗಳನ್ನು ಹಣ ಕಟ್ಟುವ ಪುಟಕ್ಕೆ ಮುಂದೂಡುವ ಅಭ್ಯಾಸವನ್ನು ಈ ಕಣ್ಣಿನಿಂದಲೇ ನೋಡಬೇಕು. ಬಂದರು ಶುಲ್ಕ ಊರಿಂದೂರಿಗೆ ಬದಲಾಗುತ್ತದೆ, ಮೊದಲೇ ಸೇರಿಸಿ ತೋರಿಸಲಾಗದು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಂದು ಪೂರ್ಣ ದರ ತೋರಿಸಬೇಕೆಂಬ ಕಾನೂನು ಜಾರಿಯಾದಾಗ ದೊಡ್ಡ ಕ್ರೂಸ್ ಕಂಪನಿಗಳೇ ತೆರಿಗೆ, ಶುಲ್ಕ ಸೇರಿದ ದರವನ್ನು ಅಮೆರಿಕದಾದ್ಯಂತ ಮೊದಲ ಪುಟದಲ್ಲೇ ತೋರಿಸತೊಡಗಿದವು. ಅಲ್ಲಿ ಆದದ್ದು ಇಲ್ಲಿ ಏಕಾಗಬಾರದು?

ಪ್ರಯಾಣದ ಖರ್ಚೆಂಬ ಮೂಗುತಿಯ ಭಾರ ಇಳಿಸುವ ಇನ್ನೊಂದು ದಾರಿ ನಮ್ಮ ಕರಾವಳಿಯಲ್ಲೇ ಇದೆ. ಹಂಗಾಮಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ನವಮಂಗಳೂರು ಬಂದರಿಗೆ ಬರುತ್ತವೆ. ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೋಮಟೇಶ್ವರ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತಿ ಹೊರಟುಹೋಗುತ್ತಾರೆ. ಅದೇ ಕಡಲಿನಲ್ಲಿ ವಿಹರಿಸಲು ನಮ್ಮವರು ಮುಂಬೈಗೋ ಕೊಚ್ಚಿಗೋ ಓಡಬೇಕು. ಲಕ್ಷದ್ವೀಪದ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು, ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ಆ ದ್ವೀಪಗಳಿಗೆ ಸಾಮಾನು ಹೊತ್ತು ಸಾಗಿದ ಚರಿತ್ರೆ ಹಳೆಯದು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಕ್ರೂಸ್ ಭಾರತ ಮಿಷನ್’ 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಮಂಗಳೂರು ಒಂದರಿಂದಲೇ ಹಡಗು ತುಂಬುವಷ್ಟು ಜನ ಸಿಗಲಾರರು ಎಂಬುದು ಕಂಪನಿಗಳ ಅಂಜಿಕೆಯಾಗಿರಬಹುದು. ಪೂರ್ತಿ ಹಡಗು ತುಂಬಬೇಕೆಂದೇನೂ ಇಲ್ಲ, ಮುಂಬೈಯಿಂದ ತೆಂಕಣಕ್ಕೆ ಬರುವ ಹಡಗು ದಾರಿಯಲ್ಲಿ ನವಮಂಗಳೂರು ಬಂದರಿರುವ ಪಣಂಬೂರಿನಲ್ಲಿ ಒಂದು ಮಧ್ಯಾಹ್ನ ನಿಂತು, ಕಾಯ್ದಿಟ್ಟ ಕೆಲವು ಡಜನ್ ಕೋಣೆಗಳಿಗೆ ಇಲ್ಲಿನವರನ್ನು ಹತ್ತಿಸಿಕೊಂಡು ಹೋದರೂ ಉಡುಪಿ, ಹಾಸನ, ಶಿವಮೊಗ್ಗದ ಕುಟುಂಬಗಳ ಪಟ್ಟಿಯಿಂದ ಪ್ರಯಾಣದ ಆ ಮೂವತ್ತು ಸಾವಿರದ ದೊಡ್ಡ ಪಾಲು ಅಳಿಸಿಹೋಗುತ್ತದೆ.