ಕಡತ ತೆರೆಯುವ ಪ್ರಶ್ನೆ: ಪೈಥಾನ್ ಕಲಿಕೆ ಮತ್ತು ಕನ್ನಡ ಅಧ್ಯಯನ

ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಗಣಕದ ಮುಂದೆ ಕುಳಿತು ಪೈಥಾನ್ ಭಾಷೆಯನ್ನು ಕಲಿಯತೊಡಗಿದಾಗ ಅವನನ್ನು ಕಾಡುವ ಮೊದಲ ಪ್ರಶ್ನೆಗಳು ತೀರ ಸಾಮಾನ್ಯವಾದವು. ಕಡತವನ್ನು ತೆರೆಯುವುದು ಹೇಗೆ? ಕಣ್ಣೆದುರಿಗೇ ಇರುವ ಕಡತ ‘ಸಿಕ್ಕಲಿಲ್ಲ’ ಎಂದು ಗಣಕ ಏಕೆ ಹೇಳುತ್ತದೆ? ಒಮ್ಮೆ ಓದಿದ ಕಡತವನ್ನು ಮತ್ತೆ ಓದಹೊರಟರೆ ಬರಿದಾಗಿರುವುದೇಕೆ? ನಿನ್ನೆ ಇದ್ದ ಪದಪಟ್ಟಿ ಇಂದು ಎಲ್ಲಿ ಹೋಯಿತು? ಇಂಥ ಪ್ರಶ್ನೆಗಳನ್ನು ಕೇಳಿದೊಡನೆ ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ, ‘ಇದು ಗಣಕ ವಿಜ್ಞಾನದವರ ಕೆಲಸ, ಅವರನ್ನೇ ಕೇಳಿ’ ಎಂಬುದು. ಉತ್ತರದ ಹಿಂದಿರುವ ವಿನಯ ಮೆಚ್ಚತಕ್ಕದ್ದೇ. ಆದರೆ ಅದು ಸರಿಯಾದ ಉತ್ತರವಲ್ಲ. ಈ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಗಣಕದ ವೇಷ ತೊಟ್ಟ ಗ್ರಂಥಸಂಪಾದನೆಯ ಪ್ರಶ್ನೆಗಳೇ ಆಗಿವೆ. ಅವುಗಳಿಗೆ ಉತ್ತರ ಕೊಡುವ ಸಿದ್ಧತೆ ಗಣಕ ವಿಭಾಗಕ್ಕಿಂತ ಕನ್ನಡ ವಿಭಾಗದಲ್ಲೇ ಹೆಚ್ಚಾಗಿದೆ.

ಕಾಲಗಣನೆಯ ಒಂದು ಕಾಕತಾಳೀಯವನ್ನು ಇಲ್ಲಿ ನೆನೆಯಬಹುದು. ಡಚ್ ತಜ್ಞ ಗೈಡೋ ವಾನ್ ರೋಸಮ್ ರೂಪಿಸಿದ ಪೈಥಾನ್ ಮೊದಲು ಹೊರಬಂದದ್ದು 1991ರಲ್ಲಿ. ಕನ್ನಡಕ್ಕೆ ತನ್ನದೇ ಆದ ಸ್ಥಾನವನ್ನು ಕಾದಿರಿಸಿದ ಯೂನಿಕೋಡಿನ ಮೊದಲ ಆವೃತ್ತಿಯೂ, ಭಾರತೀಯ ಲಿಪಿಗಳಿಗಾಗಿ ರಚಿತವಾದ ಇಸ್ಕಿ ಮಾನಕದ ಪರಿಷ್ಕೃತ ರೂಪವೂ ಅದೇ ವರ್ಷದವು. ಆದರೂ ಪೈಥಾನಿನಲ್ಲಿ ಪಠ್ಯವೆಂದರೆ ಯೂನಿಕೋಡ್ ಎಂಬ ತತ್ತ್ವ ನೆಲೆಗೊಳ್ಳಲು 2008ರ ಡಿಸೆಂಬರಿನಲ್ಲಿ ಮೂರನೆಯ ಆವೃತ್ತಿ ಬರುವವರೆಗೆ ಕಾಯಬೇಕಾಯಿತು. ಹಾಗಾದ ಮೇಲೂ ಒಂದು ತೊಡಕು ಉಳಿದೇ ಇತ್ತು. ಗಣಕದ ಒಳಗೆ ಪಠ್ಯವು ಯೂನಿಕೋಡ್ ಆದರೂ ತಟ್ಟೆಯ ಮೇಲಿನ ಕಡತ ಬರಿಯ ಸಂಖ್ಯೆಗಳ ಸಾಲು. ಆ ಸಂಖ್ಯೆಗಳನ್ನು ಯಾವ ಸಂಕೇತವಿನ್ಯಾಸದಲ್ಲಿ ಓದಬೇಕೆಂದು ಓದುವವನೇ ಹೇಳಬೇಕು. ಹೇಳದಿದ್ದರೆ ವಿಂಡೋಸ್ ಗಣಕಗಳಲ್ಲಿ ಪೈಥಾನ್ ಆ ಗಣಕದ ಸ್ಥಳೀಯ ವಿನ್ಯಾಸವನ್ನು ಹಿಡಿಯುತ್ತ ಬಂದಿದೆ. ಇಂಗ್ಲಿಷಿಗೆ ಹೊಂದಿಸಿದ ಗಣಕಗಳಲ್ಲಿ ಅದು ಹೆಚ್ಚಾಗಿ ವಿಂಡೋಸ್-1252 ಎಂಬ ಪಶ್ಚಿಮ ಯೂರೋಪಿನ ವಿನ್ಯಾಸ. 3.15ನೆಯ ಆವೃತ್ತಿಯಿಂದ ಯುಟಿಎಫ್-8ನ್ನೇ ಸಹಜ ವಿನ್ಯಾಸವಾಗಿ ಮಾಡುವ ನಿರ್ಣಯವೇನೋ ಆಗಿದೆ. ಹಳೆಯ ಆವೃತ್ತಿಗಳು ಬಳಕೆಯಿಂದ ಮರೆಯಾಗಲು ಇನ್ನೂ ಅನೇಕ ವರ್ಷಗಳು ಬೇಕು.

ಇದರ ಫಲವೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ವಿಂಡೋಸ್-1252ರ 256 ಮನೆಗಳಲ್ಲಿ ಐದು ಮನೆಗಳು ಖಾಲಿ. ಕನ್ನಡದ ಉಕಾರದ ಕೊಂಬು, ಒತ್ತಕ್ಷರಕ್ಕೆ ಕಾರಣವಾದ ಹಲಂತ ಚಿಹ್ನೆ, ‘ಏ’, ‘ಐ’ ಮತ್ತು ‘ಝ’ ಇವುಗಳ ಕೊನೆಯ ಬೈಟು ಬೀಳುವುದು ಈ ಖಾಲಿ ಮನೆಗಳಲ್ಲಿಯೇ. ಹೀಗಾಗಿ ವಿನ್ಯಾಸವನ್ನು ಸೂಚಿಸದೆ ಕಡತವನ್ನು ತೆರೆದರೆ ‘ಪುರಂದರ’ ಎಂಬ ಹೆಸರಿನ ಮೊದಲ ಕೊಂಬಿಗೇ ಗಣಕ ಎಡವಿ ನಿಲ್ಲುತ್ತದೆ, ದೋಷವನ್ನು ಸಾರುತ್ತದೆ. ‘ಕನಕ’ ಎಂಬ ಹೆಸರನ್ನಾದರೋ ಯಾವ ಆತಂಕವೂ ಇಲ್ಲದೆ ಓದಿಬಿಡುತ್ತದೆ. ಮೂರು ಅಕ್ಷರಗಳಿಗೆ ಬದಲಾಗಿ ಅರ್ಥವಿಲ್ಲದ ಒಂಬತ್ತು ಚಿಹ್ನೆಗಳನ್ನು ಕೊಟ್ಟು, ಏನೂ ಆಗದವರಂತೆ ಮುಂದೆ ಸಾಗುತ್ತದೆ. ವಿದ್ಯಾರ್ಥಿಗೆ ಭಯ ಹುಟ್ಟಿಸುವುದು ಮೊದಲನೆಯದು. ಅಪಾಯಕರವಾದದ್ದು ಎರಡನೆಯದು. ದೋಷವನ್ನು ಕೂಗಿ ಹೇಳುವ ಗಣಕ ವಿದ್ಯಾರ್ಥಿಯ ಮಿತ್ರನೆಂದೇ ತಿಳಿಯಬೇಕು.

ಈ ದೋಷಸೂಚನೆಯನ್ನು ಬಾಯಿಮುಚ್ಚಿಸಲು ಹೊಸಬರಿಗೆ ಕೊಡಲಾಗುವ ಒಂದು ಸಲಹೆಯುಂಟು: ತೆರೆಯುವಾಗ ‘ಎರರ್ಸ್’ ಎಂಬಲ್ಲಿ ‘ಇಗ್ನೋರ್’ ಎಂದು ಬರೆದುಬಿಡಿ, ತೊಂದರೆ ತೀರುತ್ತದೆ ಎಂದು. ತೊಂದರೆ ತೀರುತ್ತದೆ, ನಿಜ. ಅದರೊಡನೆ ಅಕ್ಷರಗಳೂ ತೀರುತ್ತವೆ. ಓದಲಾಗದ ಬೈಟುಗಳನ್ನು ಗಣಕ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಓಲೆಗರಿಯಲ್ಲಿ ಹುಳು ತಿಂದ ಭಾಗವನ್ನು ಕಂಡಾಗ ಸಂಪಾದಕನಾದವನು ಅಲ್ಲಿ ಚುಕ್ಕೆಗಳನ್ನಿಟ್ಟು, ತ್ರುಟಿತವೆಂದು ಗುರುತಿಸಿ ಮುಂದುವರಿಯುತ್ತಾನೆ. ಹಾಗೆ ಗುರುತಿಸದೆ ಎರಡು ಕಡೆಯ ಅಕ್ಷರಗಳನ್ನು ಹತ್ತಿರ ತಂದು ಜೋಡಿಸಿದ ಲಿಪಿಕಾರನನ್ನು ಯಾವ ವಿದ್ವಾಂಸನೂ ಕ್ಷಮಿಸಿದ್ದಿಲ್ಲ. ಪೈಥಾನಿನಲ್ಲಿ ‘ರಿಪ್ಲೇಸ್’ ಎಂಬ ಇನ್ನೊಂದು ಮಾರ್ಗವಿದೆ. ಅದು ಕಳೆದುಹೋದೆಡೆಯಲ್ಲಿ ಒಂದು ಗುರುತನ್ನು ಇಡುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪುಸ್ತಕವನ್ನು ಓದಿದ ವಿದ್ಯಾರ್ಥಿಗೆ ಇವೆರಡರ ನಡುವಣ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಕವನ್ನಷ್ಟೇ ಓದಿದವನಿಗೆ ಬಹುಶಃ ಹೇಳಬೇಕಾಗುತ್ತದೆ.

ಕಡತ ತೆರೆಯುವ ರೀತಿಗಳ ವಿಷಯವೂ ಇಂಥದ್ದೇ. ‘ಡಬ್ಲ್ಯೂ’ ಎಂಬ ರೀತಿಯಲ್ಲಿ ತೆರೆದ ಕ್ಷಣವೇ, ಒಂದಕ್ಷರವನ್ನೂ ಬರೆಯುವ ಮೊದಲೇ, ಹಳೆಯ ಕಡತ ಬರಿದಾಗುತ್ತದೆ. ವಾರಗಟ್ಟಲೆ ಬೆರಳಚ್ಚು ಮಾಡಿದ ಪದಪಟ್ಟಿ ಹೀಗೆ ಒಂದೇ ಸಾಲಿನ ಆಜ್ಞೆಯಿಂದ ಇಲ್ಲವಾಗುವುದು ಕಲಿಕೆಯ ಆರಂಭದಲ್ಲಿ ಸಾಮಾನ್ಯ ದುರಂತ. ‘ಎ’ ಎಂಬ ರೀತಿ ಹಳೆಯದರ ಕೊನೆಗೆ ಹೊಸದನ್ನು ಸೇರಿಸುತ್ತದೆ. ಕ್ರಮವಿಧಿಯನ್ನು ಮರೆತು ಎರಡು ಸಲ ನಡೆಸಿದರೆ ಪ್ರತಿಯೊಂದು ನಮೂದೂ ಎರಡೆರಡಾಗುತ್ತದೆ. ‘ಎಕ್ಸ್’ ಎಂಬ ಮೂರನೆಯ ರೀತಿ, ಅದೇ ಹೆಸರಿನ ಕಡತ ಈಗಾಗಲೇ ಇದ್ದರೆ ಬರೆಯಲು ನಿರಾಕರಿಸುತ್ತದೆ. ಮೂಲಪ್ರತಿಯ ಮೇಲೆ ಎಂದೂ ತಿದ್ದಬಾರದು, ಪ್ರತಿ ಮಾಡಿಕೊಂಡು ಅದರ ಮೇಲೆ ತಿದ್ದಬೇಕು ಎಂಬುದನ್ನು ಹಸ್ತಪ್ರತಿ ಭಂಡಾರದಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪೈಥಾನ್ ಪಾಠಗಳಾದರೋ ಮೊದಲಿಗೇ ‘ಡಬ್ಲ್ಯೂ’ವನ್ನು ಕಲಿಸಿ ‘ಎಕ್ಸ್’ನ ಹೆಸರನ್ನೂ ಎತ್ತದೆ ಮುಗಿಯುವುದುಂಟು.

(ಹಾದಿಯ ಬಗೆಗೆ ಒಂದು ವಿನೋದದ ಸಂಗತಿ. ವಿಂಡೋಸಿನ ಓರೆಗೆರೆಯ ಮುಂದೆ ಕೆಲವು ರೋಮನ್ ಅಕ್ಷರಗಳು ಬಂದರೆ ಪೈಥಾನ್ ಅವುಗಳಿಗೆ ವಿಶೇಷಾರ್ಥವನ್ನು ಹಚ್ಚುತ್ತದೆ. ರೋಮನ್ನಿನಲ್ಲಿ ಸಣ್ಣಕ್ಷರಗಳಿಂದ ‘ನುಡಿ’ ಎಂದು ಹೆಸರಿಟ್ಟ ಕೋಶದ ಹಾದಿಯನ್ನು ಹಾಗೆಯೇ ಬರೆದರೆ ಗಣಕಕ್ಕೆ ಅದು ಹೊಸ ಸಾಲಿನ ಸೂಚನೆ. ‘ತುಳು’ ಎಂದಿದ್ದರೆ ಟ್ಯಾಬಿನ ಸೂಚನೆ. ‘ಬರಹ’ ಎಂದಿದ್ದರೆ ಒಂದಕ್ಷರ ಹಿಂದೆ ಸರಿಯುವ ಸೂಚನೆ. ಕಡತ ಸಿಗದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಓರೆಗೆರೆಯನ್ನು ಎರಡು ಸಲ ಹಾಕಿದರೆ, ಇಲ್ಲವೇ ಮುಂದಕ್ಕೆ ಬಾಗಿದ ಗೆರೆಯನ್ನು ಬಳಸಿದರೆ ತೀರಿತು.)

ಕಡತ ಸರಿಯಾಗಿ ತೆರೆಯಿತೆಂದುಕೊಳ್ಳೋಣ. ಆಮೇಲೆ ಬರುವುದು ಎಣಿಕೆಯ ಪ್ರಶ್ನೆ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಕೇಳಿದರೆ ಪೈಥಾನ್ ಐದು ಎನ್ನುತ್ತದೆ. ಓದುಗನ ಕಣ್ಣಿಗೆ ಮೂರು ಅಕ್ಷರ; ಯೂನಿಕೋಡಿನಲ್ಲಿ ಹಲಂತವೂ ಸೇರಿ ಐದು ಚಿಹ್ನೆ; ಕಡತದಲ್ಲಿ ಹದಿನೈದು ಬೈಟು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಷಟ್ಪದಿಯ ಸಾಲುಗಳಿಗೆ ಗಣಕದಿಂದ ಪ್ರಸ್ತಾರ ಹಾಕಿಸಲು ಹೊರಟವನು ಐದನ್ನೇ ಅಕ್ಷರಸಂಖ್ಯೆಯೆಂದು ನಂಬಿದರೆ ಲಘುಗುರುಗಳ ಲೆಕ್ಕವೆಲ್ಲ ಕೆಡುತ್ತದೆ. ಅಕ್ಷರವೆಂದರೇನು ಎಂಬ ಪ್ರಶ್ನೆಯನ್ನು ಕೇಶಿರಾಜನಿಂದ ಮೊದಲ್ಗೊಂಡು ಎಲ್ಲ ವೈಯಾಕರಣರೂ ಎದುರಿಸಿದ್ದಾರೆ. ಗಣಕ ಅದನ್ನು ಮತ್ತೊಮ್ಮೆ, ತುಸು ಒರಟಾಗಿ ಕೇಳುತ್ತಿದೆ ಅಷ್ಟೆ.

ಪದಗಳನ್ನು ಬಿಡಿಸುವಾಗಿನ ಅನರ್ಥ ಇನ್ನೂ ದೊಡ್ಡದು. ಪದಗಳನ್ನು ಹೆಕ್ಕಲು ಪೈಥಾನ್ ಪಾಠಗಳಲ್ಲಿ ಸೂಚಿಸುವ ಪ್ರಸಿದ್ಧ ವಿನ್ಯಾಸಸೂತ್ರವೊಂದು ಸ್ವರಚಿಹ್ನೆಗಳನ್ನೂ ಹಲಂತವನ್ನೂ ಪದದ ಅಂಗವೆಂದು ಒಪ್ಪುವುದಿಲ್ಲ. ಅದರ ಕೈಗೆ ‘ಕನ್ನಡ’ವನ್ನು ಕೊಟ್ಟರೆ ಹಿಂದಿರುಗಿ ಬರುವುದು ‘ಕನ’ ಮತ್ತು ‘ನಡ’ ಎಂಬ ಎರಡು ತುಂಡುಗಳು. ಇಂಗ್ಲಿಷಿಗೆ ಚೆನ್ನಾಗಿ ನಡೆಯುವ ಸೂತ್ರವನ್ನು ಕಣ್ಣುಮುಚ್ಚಿ ಬಳಸಿ ಕಾದಂಬರಿಯೊಂದರ ಪದಾವೃತ್ತಿಯನ್ನು ಎಣಿಸಿದರೆ ಸಂಖ್ಯೆಗಳೇನೋ ಬರುತ್ತವೆ, ಕೋಷ್ಟಕವೂ ಅಂದವಾಗಿ ಮೂಡುತ್ತದೆ, ಪ್ರಬಂಧದ ಅನುಬಂಧಕ್ಕೂ ಸೇರುತ್ತದೆ. ಅದರಲ್ಲಿ ಎಣಿಸಲ್ಪಟ್ಟದ್ದು ಮಾತ್ರ ಕನ್ನಡದ ಪದಗಳಲ್ಲ. ಖಾಲಿ ಜಾಗದಲ್ಲಿ ಬಿಡಿಸುವ ಸರಳ ಕ್ರಮವೇ ಇದಕ್ಕಿಂತ ಮೇಲು. ಚಿಹ್ನೆಗಳನ್ನು ಗೌರವಿಸುವ ‘ರೀಜೆಕ್ಸ್’ ಎಂಬ ಬೇರೆ ಸಲಕರಣೆಯೂ ಇದೆ.

ಒಂದೇ ಬಗೆಯಾಗಿ ಕಾಣುವ ಎರಡು ಪದಗಳು ಗಣಕಕ್ಕೆ ಬೇರೆಬೇರೆಯಾಗಿರುವುದೂ ಉಂಟು. ‘ಕೊ’ ಎಂಬಲ್ಲಿಯ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಎಕಾರ, ಊಕಾರಗಳ ಎರಡು ಚಿಹ್ನೆಗಳಾಗಿಯೂ ಬರೆಯಲು ಸಾಧ್ಯ. ಅನುಸ್ವಾರದ ಸೊನ್ನೆಗೆ ಬದಲಾಗಿ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸವಂತೂ ಬೆರಳಚ್ಚುಗಾರರಲ್ಲಿ ವ್ಯಾಪಕವಾಗಿದೆ. ಮೊದಲನೆಯದನ್ನು ಸರಿಪಡಿಸಲು ಪೈಥಾನಿನಲ್ಲಿಯೇ ಸಮರೂಪಗೊಳಿಸುವ ಸಾಧನವಿದೆ. ಎರಡನೆಯದಕ್ಕೆ ಕನ್ನಡ ಬಲ್ಲವರ ಕಣ್ಣೇ ಬೇಕು.

ಅಕಾರಾದಿಯ ಸಂಗತಿ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ್ದು. ಯೂನಿಕೋಡಿನ ಪಟ್ಟಿಯಲ್ಲಿ ‘ಳ’ಕಾರವು ‘ಲ’ಕಾರದ ಪಕ್ಕದಲ್ಲಿ, ‘ವ’ಕಾರಕ್ಕಿಂತ ಮೊದಲು ಕುಳಿತಿದೆ. ಆದ್ದರಿಂದ ಪೈಥಾನಿಗೆ ಸುಮ್ಮನೆ ‘ಜೋಡಿಸು’ ಎಂದರೆ ‘ಬಳಿ’ ಮೊದಲು, ‘ಬಸವ’ ಆಮೇಲೆ ಬರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ಕಾರದ ನಂತರ. ಹಳಗನ್ನಡದ ‘ೞ’ವಂತೂ ಪಟ್ಟಿಯಲ್ಲಿ ಸ್ವರಚಿಹ್ನೆಗಳನ್ನೂ ದಾಟಿ ಎಲ್ಲೋ ದೂರದಲ್ಲಿದೆ. ಪಂಪನ ಪದಕೋಶವನ್ನು ಸಿದ್ಧಪಡಿಸುವವರು ಕ್ರಮವನ್ನು ತಾವೇ ನಿರ್ದೇಶಿಸಬೇಕು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯುವವರೆಗೆ ವಿದ್ವಾಂಸರು ಕೈಯಿಂದ ಕಾಯ್ದುಕೊಂಡು ಬಂದ ಕ್ರಮವನ್ನು ಒಂದು ಆಜ್ಞೆಯ ಸೋಮಾರಿತನಕ್ಕೆ ಒಪ್ಪಿಸಿಬಿಡುವುದು ಸಲ್ಲದು.

ಕರ್ನಾಟಕದ ಹೊರಗಿನ ಕನ್ನಡ ವಿಭಾಗಗಳಿಗೆ ಇದೆಲ್ಲ ಏಕೆ ತುರ್ತಾಗಿ ಬೇಕು ಎಂಬ ಪ್ರಶ್ನೆ ಏಳಬಹುದು. ಮುಂಬಯಿ, ಚೆನ್ನೈ, ಹೈದರಾಬಾದುಗಳ ಕನ್ನಡ ಬದುಕಿನ ದಾಖಲೆ ಬಹುಮಟ್ಟಿಗೆ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಮಾಸಿಕಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಚದುರಿಕೊಂಡಿದೆ. ಹಳೆಯವು ಕಾಗದವಾಗಿಯೇ ಉಳಿದಿವೆ. ವಿಪರ್ಯಾಸವೆಂದರೆ, 1990ರ ದಶಕದಿಂದ ಈಚೆಗೆ ಗಣಕದಲ್ಲಿ ಅಕ್ಷರ ಜೋಡಿಸಿದವುಗಳ ಕಡತಗಳೇ ಹೆಚ್ಚು ಅಪಾಯದಲ್ಲಿವೆ. ಶ್ರೀಲಿಪಿ, ಆಕೃತಿ, ಬರಹ, ನುಡಿ ಮುಂತಾದ ತಂತ್ರಾಂಶಗಳ ಅಂದಿನ ಅಕ್ಷರವಿನ್ಯಾಸಗಳಲ್ಲಿ ಕಡತದೊಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದಂತೆ ಕಾಣುವ ಆಕಾರಗಳು. ಹಳೆಯ ನುಡಿ ವಿನ್ಯಾಸದ ‘ಕನ್ನಡ’ವನ್ನು ಆ ಫಾಂಟಿಲ್ಲದೆ ತೆರೆದರೆ ರೋಮನ್ನಿನ ಪಿ, ನೆತ್ತಿಯ ಮೇಲೆ ಓರೆಗೆರೆಯ ಎ, ಪೌಂಡ್ ನಾಣ್ಯದ ಗುರುತು ಹೀಗೆ ಏಳು ಚಿಹ್ನೆಗಳು ಕಾಣುತ್ತವೆ. ಒಂದರ ಪರಿವರ್ತನ ಕೋಷ್ಟಕ ಇನ್ನೊಂದಕ್ಕೆ ಒದಗದು. ‘ಧರ್ಮ’ ಎಂಬಲ್ಲಿಯ ಅರ್ಕಾವೊತ್ತು ಅಲ್ಲಿ ಕಣ್ಣಿಗೆ ಕಾಣುವಂತೆ ಮಕಾರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಕಿವಿಗೆ ಕೇಳುವಂತೆ ಮಕಾರದ ಮೊದಲು ಇರಬೇಕು. ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡಿತೇ ಇಲ್ಲವೇ ಎಂದು ಪರಿವರ್ತಿತ ಪಠ್ಯವನ್ನು ಓದಿ ಹೇಳಬಲ್ಲವರು ಕನ್ನಡದ ವಿದ್ಯಾರ್ಥಿಗಳೇ ಹೊರತು ಬೇರಾರೂ ಅಲ್ಲ.

ದತ್ತಾಂಶದ ಕೋಷ್ಟಕಗಳಲ್ಲಿಯೂ ಎಚ್ಚರ ಬೇಕು. ಲೇಖಕರ ಹೆಸರು, ಕೃತಿ, ವರ್ಷಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಕಡತವನ್ನು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿದರೆ, ಅಲ್ಪವಿರಾಮವುಳ್ಳ ಶೀರ್ಷಿಕೆಗಳು ಪಕ್ಕದ ಅಂಕಣಕ್ಕೆ ಹರಿಯುತ್ತವೆ. ಅದಕ್ಕೆಂದೇ ಇರುವ ಸಲಕರಣೆಯನ್ನು ಬಳಸಬೇಕು. ‘ಪಾಂಡಾಸ್’ ಎಂಬ ಜನಪ್ರಿಯ ಸಲಕರಣೆ, ಪ್ರಕಟಣೆಯ ವರ್ಷ ತಿಳಿಯದ ಒಂದೇ ಒಂದು ಕೃತಿ ಪಟ್ಟಿಯಲ್ಲಿದ್ದರೂ 1979ನ್ನು 1979.0 ಎಂದು ಮಾಡುತ್ತದೆ, ಗ್ರಂಥಾಲಯದ ದಾಖಲೆ ಸಂಖ್ಯೆಗಳ ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಎಲ್ಲವನ್ನೂ ಪಠ್ಯವಾಗಿಯೇ ಓದು ಎಂದು ಮೊದಲೇ ಹೇಳಿದರೆ ಸಾಕು. ಕನ್ನಡ ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಉದಾರಿ: ‘೧೯೭೯’ ಎಂಬುದನ್ನು ಸಂಖ್ಯೆಯಾಗಿ ಪರಿವರ್ತಿಸೆಂದರೆ ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತದೆ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಹೊರನಾಡಿನಲ್ಲಿ ಕನ್ನಡ ಓದುವವರ ಸಂಖ್ಯೆ ಕಡಿಮೆ. ಅವರಲ್ಲಿ ಅನೇಕರು ಹಗಲು ದುಡಿದು ಓದುವವರು. ಅವರ ಮೇಲೆ ಇನ್ನೊಂದು ಭಾಷೆಯ ಹೊರೆ ಏಕೆ ಎಂಬುದು ತೂಕವುಳ್ಳ ಮಾತು. ಆದರೆ ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿಯುವ ಆ ವಿದ್ಯಾರ್ಥಿಗೆ ಕಡತ, ಕೋಷ್ಟಕಗಳು ಈಗಾಗಲೇ ಪರಿಚಿತ ಎಂಬುದನ್ನೂ ಗಮನಿಸಬೇಕು. ಬೇಕಾದ ಕ್ರಮವಿಧಿಯನ್ನು ಈಗ ಕೃತಕ ಬುದ್ಧಿಮತ್ತೆಯ ಸಾಧನಗಳೇ ಬರೆದುಕೊಡುತ್ತವೆ, ಕಲಿಯುವುದೇಕೆ ಎಂಬ ಎರಡನೆಯ ಆಕ್ಷೇಪ ಅಷ್ಟು ಬಲವಾದದ್ದಲ್ಲ. ಬರೆದುಕೊಡುತ್ತವೆ, ಸರಿ. ಹಾಗೆ ಬಂದ ಕ್ರಮವಿಧಿಯಲ್ಲಿ ‘ಇಗ್ನೋರ್’ ಎಂಬ ಪದ ಅಡಗಿದೆಯೇ ಎಂದು ನೋಡಲು, ‘ಕನ’ ಮತ್ತು ‘ನಡ’ಗಳನ್ನು ಕಂಡು ಸಂಶಯಪಡಲು, ಒಮ್ಮೆಯಾದರೂ ಸ್ವಂತ ಕೈಯಿಂದ ಕಡತವನ್ನು ತೆರೆದು ಎಡವಿದ ಅನುಭವ ಬೇಕಾಗುತ್ತದೆ.

ಹೊಸ ಪತ್ರಿಕೆಯನ್ನು ಪಠ್ಯಕ್ರಮಕ್ಕೆ ಸೇರಿಸುವ ಅಗತ್ಯ ಕಾಣುವುದಿಲ್ಲ. ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ನಾಲ್ಕಾರು ತರಗತಿಗಳನ್ನು ಇದಕ್ಕೆ ಮೀಸಲಿಟ್ಟು, ವಿಭಾಗದ್ದೇ ಆದ ಹಳೆಯ ಸಂಪುಟವೊಂದರ ಕಡತವನ್ನು ಅಭ್ಯಾಸಕ್ಕೆ ಕೊಡಬಹುದು. ಅದರೊಡನೆ ಸಂಶೋಧನ ಪ್ರಬಂಧವನ್ನು ಒಪ್ಪಿಸುವವರು ರಟ್ಟು ಹಾಕಿದ ಪ್ರತಿಯ ಜೊತೆಗೆ ಯುಟಿಎಫ್-8ರಲ್ಲಿರುವ ಸಾದಾ ಪಠ್ಯದ ಒಂದು ಪ್ರತಿಯನ್ನೂ, ಪಠ್ಯ ಎಲ್ಲಿಂದ ಬಂತು, ಯಾವ ಚಿಹ್ನೆಗಳನ್ನು ಬದಲಿಸಲಾಯಿತು ಎಂಬ ಒಂದು ಪುಟದ ಟಿಪ್ಪಣಿಯನ್ನೂ ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮವನ್ನು ವಿಭಾಗಗಳು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಮಾಡಬಹುದು. ಇದಕ್ಕೆ ಅನುದಾನವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ.