ತಂಗಿ, ಪೆಟ್ಟಿಗೆಯೊಳಗೆ ಏನಿಟ್ಟಿ?



ಹೋದ ವಾರ ಗುತ್ತಲದ ನಮ್ಮ ಓಣಿಯ ಒಂದು ಮನೆಯಿಂದ ರಾತ್ರಿ ಒಂಬತ್ತರ ಮೇಲೆ ದೊಡ್ಡ ನಗು ಕೇಳಿಸಿತು. ನಾನು ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದೆ. ನಗುವುದರಲ್ಲಿ ಏನು ವಿಶೇಷ ಅನ್ನುತ್ತೀರಾ? ಆ ಮನೆಯ ಅಜ್ಜಿ ತಮ್ಮ ಮೊಮ್ಮಗಳ ಜೊತೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಆ ರಾತ್ರಿ ಮತ್ತೆ ಮಾತು ಶುರುವಾಯಿತು. ನಡುವೆ ಏನೇನಾಯಿತು ಎಂಬುದೇ ಈ ವಾರದ ಕಥೆ.

ಮೊಮ್ಮಗಳು ನನ್ನ ವಿದ್ಯಾರ್ಥಿನಿ. ನಮ್ಮೂರ ಸರಕಾರಿ ಕನ್ನಡ ಶಾಲೆಯಲ್ಲಿ ಕಲಿತು, ಹಾವೇರಿಯಲ್ಲಿ ಬಿ.ಎಸ್ಸಿ. ಓದಿ, ಬಿ.ಇಡಿ. ಮುಗಿಸಿದವಳು. ಐದು ವರ್ಷ ರಾಣೆಬೆನ್ನೂರಿನ ಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕಲಿಸಿದಳು. ಈ ವರ್ಷ ಅವಳಿಗೆ ದುಬೈನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ಕೆಲಸ ಸಿಕ್ಕಿತು. ಮನೆಯವರು ಓಣಿಗೆಲ್ಲ ಪೇಡೆ ಹಂಚಿದರು. ಅಜ್ಜಿ ಮಾತ್ರ ಪೇಡೆ ಮುಟ್ಟಲಿಲ್ಲ.

“ಇಲ್ಲಿ ಕಲಿಸಾಕ ಹುಡುಗರು ಇಲ್ಲೇನವಾ?” ಎಂದು ಒಂದೇ ಮಾತು ಕೇಳಿದರು. ಅಲ್ಲಿಂದ ಮುಂದೆ ಮೊಮ್ಮಗಳ ಜೊತೆ ಮಾತಿಲ್ಲ.

ಆ ಪ್ರಶ್ನೆಗೆ ನನ್ನಲ್ಲೂ ಉತ್ತರ ಇರಲಿಲ್ಲ. ಒಬ್ಬರೇ ಮಾಸ್ತರರು ಎರಡೆರಡು ತರಗತಿ ನೋಡಿಕೊಂಡ ದಿನಗಳನ್ನು ನಾನು ಕಂಡಿದ್ದೇನೆ. ಹುಡುಗಿಯ ಮಾತೂ ಸುಳ್ಳಲ್ಲ. ತಮ್ಮನ ಓದು ಇದೆ, ಮನೆ ಕಟ್ಟಿದ ಸಾಲ ಇದೆ. “ಸರ್, ನಾನೂ ಒಂದ್ಸಲ ಜಗತ್ತು ನೋಡಬೇಕಲ್ರಿ” ಎಂದಳು. ಭೂಗೋಳದ ಪಾಠದಲ್ಲಿ ನಕಾಶೆ ತೋರಿಸಿ ಆಸೆ ಹಚ್ಚಿದವನು ನಾನೇ. ಈಗ ಬೇಡ ಎನ್ನಲು ಬಾಯಿ ಬರಲಿಲ್ಲ.

ಇಂಟರ್‌ನ್ಯಾಷನಲ್ ಶಾಲೆ ಎಂದರೇನು ಎಂದು ಮಕ್ಕಳು ಕೇಳುತ್ತೀರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಹಲವು ದೇಶಗಳು ಸೇರಿ ರಾಷ್ಟ್ರಸಂಘದ ಕಚೇರಿ ತೆರೆದವು. ಅಲ್ಲಿ ಕೆಲಸಕ್ಕೆ ಬಂದವರ ಮಕ್ಕಳು ಓದುವುದೆಲ್ಲಿ? ಅದಕ್ಕಾಗಿ 1924ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ಶುರುವಾಯಿತು. ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹೋಗುವ ಮಕ್ಕಳ ಓದು ಕೆಡಬಾರದು ಎಂದು 1968ರಲ್ಲಿ ಅದೇ ಜಿನೀವಾದಲ್ಲಿ ಐಬಿ ಎಂಬ ಪಠ್ಯಕ್ರಮವೂ ಹುಟ್ಟಿತು. ಈಗ ಇಂಥ ಶಾಲೆಗಳು ಜಗತ್ತಿನ ಎಲ್ಲ ಕಡೆ ಇವೆ.

ಹೋಗುವ ಮೊದಲು ಒಂದು ಗಂಡಾಂತರ ತಪ್ಪಿತು. ಹಿರಿಯರು ಇದನ್ನು ಗಮನವಿಟ್ಟು ಓದಬೇಕು. ಮೊದಲಿಗೆ ಒಬ್ಬ ಏಜೆಂಟ ಗಂಟುಬಿದ್ದಿದ್ದ. “ಒಂದೂವರೆ ಲಕ್ಷ ಕೊಡ್ರಿ, ವಿಸಿಟ್ ವೀಸಾದ ಮೇಲೆ ಕಳಿಸ್ತೀನಿ, ಅಲ್ಲಿ ಹೋದಮ್ಯಾಲೆ ಕೆಲಸದ ವೀಸಾ ಮಾಡಿಸೋಣು” ಎಂದ. ಹುಡುಗಿಯ ತಂದೆ ಬಂಗಾರ ಅಡವಿಡಲು ತಯಾರಾಗಿದ್ದರು. ಹುಡುಗಿ ಬೇಡ ಎಂದಳು. ಸರಕಾರದಲ್ಲಿ ನೋಂದಾಯಿಸಿದ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವರು ನೋಂದಾಯಿತರೋ ಅಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ವಿಸಿಟ್ ವೀಸಾ ಎಂದರೆ ನೆಂಟರಾಗಿ ಹೋಗಿ ಬರುವ ಪರವಾನಗಿ, ದುಡಿಯುವ ಪರವಾನಗಿಯಲ್ಲ. ಅವಳು ನೇರವಾಗಿ ಶಾಲೆಗಳಿಗೇ ಅರ್ಜಿ ಹಾಕಿದಳು. ಕಂಪ್ಯೂಟರಿನ ಮುಂದೆ ಕೂತು ಮೂರು ಸಲ ಸಂದರ್ಶನ ಕೊಟ್ಟಳು. ಕರಾರು ಪತ್ರ ಕೈಗೆ ಬಂದ ಮೇಲೆ ಸಂಬಳ, ಮನೆ ಬಾಡಿಗೆ, ರಜೆ, ಊರಿಗೆ ಬರುವ ವಿಮಾನದ ಟಿಕೆಟ್ಟು ಎಲ್ಲವನ್ನೂ ಸಾಲುಸಾಲಾಗಿ ನನ್ನ ಮುಂದೆ ಓದಿದಳು. ಆಮೇಲೆ ಪದವಿ ಪ್ರಮಾಣಪತ್ರಕ್ಕೆ ರಾಜ್ಯದಲ್ಲಿ, ವಿದೇಶಾಂಗ ಸಚಿವಾಲಯದಲ್ಲಿ, ಕಡೆಗೆ ಆ ದೇಶದ ರಾಯಭಾರ ಕಚೇರಿಯಲ್ಲಿ ಮುದ್ರೆ ಒತ್ತಿಸಬೇಕಾಯಿತು. ಪೊಲೀಸರ ಪ್ರಮಾಣಪತ್ರವೂ ಬೇಕಾಯಿತು. ಕೆಲಸ ನಿಧಾನ, ಆದರೆ ದಾರಿ ಸರಿ.

ಹೊರಡುವ ಹಿಂದಿನ ದಿನ ಪೆಟ್ಟಿಗೆ ತುಂಬುವ ಗದ್ದಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ. ಅವಳ ಅವ್ವ ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿದ್ದರು. ನಾನು ನೋಡಿ, “ಇದರಾಗ ಗಸಗಸೆ ಐತೇನ್ರಿ?” ಎಂದೆ. ಇದೆ ಎಂದರು. ನಮ್ಮ ಅಡುಗೆಮನೆಯ ಗಸಗಸೆಯನ್ನು ಆ ದೇಶಕ್ಕೆ ಒಯ್ಯುವಂತಿಲ್ಲ. ಅಲ್ಲಿ ಅದು ನಿಷಿದ್ಧ ವಸ್ತು. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ದೊಡ್ಡ ತೊಂದರೆ. ಡಬ್ಬಿ ಪೆಟ್ಟಿಗೆಯಿಂದ ಹೊರಗೆ ಬಂತು, ಹುಡುಗಿಯ ಮುಖ ಸಣ್ಣದಾಯಿತು. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಡಬ್ಬಿ. ಗಸಗಸೆ ಇಲ್ಲದ ಅಂಟಿನ ಉಂಡಿ! ರಾತ್ರಿ ಎಲ್ಲರೂ ಮಲಗಿದ ಮೇಲೆ ಅಜ್ಜಿ ಎದ್ದು ಕಟ್ಟಿದ್ದರು. ಆದರೂ ಮಾತಾಡಲಿಲ್ಲ. ಮೊಮ್ಮಗಳು ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು.

ದುಬೈ ಸೇರಿದ ಮೇಲೆ ಹುಡುಗಿ ವಾರಕ್ಕೊಮ್ಮೆ ನನಗೆ ಸಮಾಚಾರ ಬರೆಯುತ್ತಾಳೆ. ಅವಳ ತರಗತಿಯಲ್ಲಿ 22 ಮಕ್ಕಳು, 11 ದೇಶಗಳಿಂದ ಬಂದವರು. ಮೊದಲ ವಾರವೇ ಎರಡು ತಪ್ಪು ಮಾಡಿದಳಂತೆ. ಕೊರಿಯಾದ ಹುಡುಗನೊಬ್ಬನನ್ನು ಐದು ದಿನ ಅವನ ಮನೆತನದ ಹೆಸರಿನಿಂದ ಕರೆದಿದ್ದಳು. ಅವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಪಾಪ, ಟೀಚರಿಗೆ ಬೇಜಾರಾದೀತು ಎಂದು ಅವನು ಸುಮ್ಮನಿದ್ದ. ಇನ್ನೊಂದು ತಪ್ಪು ಗಣಿತದ್ದು. ಹಲಗೆಯ ಮೇಲೆ 2,50,000 ಎಂದು ಬರೆದಳು. ಮಕ್ಕಳು ಕಣ್ಣು ಕಣ್ಣು ಬಿಟ್ಟರು. ನಾವು ಎರಡೂವರೆ ಲಕ್ಷವನ್ನು ಬರೆಯುವಾಗ ಅಲ್ಪವಿರಾಮ ಎರಡು ಕಡೆ ಬರುತ್ತದೆ. ಅವರು 250,000 ಎಂದು ಒಂದೇ ಕಡೆ ಹಾಕುತ್ತಾರೆ. ಅವರಿಗೆ ಲಕ್ಷವೂ ಗೊತ್ತಿಲ್ಲ, ಕೋಟಿಯೂ ಗೊತ್ತಿಲ್ಲ. ನಮ್ಮ ಹತ್ತು ಲಕ್ಷ ಅವರ ಒಂದು ಮಿಲಿಯನ್. “ಸರ್, ಕಲಿಸಾಕ ಬಂದಾಕಿ ನಾನು, ಈಗ ದಿನಾ ಕಲಿಯಾಕತ್ತೀನಿ” ಎಂದು ಬರೆದಿದ್ದಳು.

ಅದನ್ನು ಓದಿ ನನಗೆ ಕಿಟೆಲ್ ಸಾಹೇಬರ ನೆನಪಾಯಿತು. ಅವರು 1853ರಲ್ಲಿ ಜರ್ಮನಿಯಿಂದ ನಮ್ಮ ಸೀಮೆಗೆ ಪಾದ್ರಿಯಾಗಿ ಬಂದವರು. ನಮಗೆ ಉಪದೇಶ ಮಾಡಲು ಬಂದವರು ಮೊದಲು ನಮ್ಮಿಂದ ಕನ್ನಡ ಕಲಿಯಲು ಕೂತರು. ಕಲಿತರು ಎಂದರೆ ಎಷ್ಟು? 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ಪರದೇಶಕ್ಕೆ ಹೋದ ಮಾಸ್ತರ ಮೊದಲು ವಿದ್ಯಾರ್ಥಿಯಾಗಬೇಕು. ಹಾಗಾದರೆ ಅವನು ಕಲಿಸುವುದೇನು?

ಇದಕ್ಕೆ ಉತ್ತರ ಎ. ಕೆ. ರಾಮಾನುಜನ್ ಅವರ ಬದುಕಿನಲ್ಲಿದೆ. ಒಂದು ಸಂಜೆ ಅಜ್ಜಿ ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಾಗ ನಾನು ಅವರ ಕಥೆ ಹೇಳಿದೆ. ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮನೆಯ ಮಾತು ತಮಿಳು, ಊರಿನ ಮಾತು ಕನ್ನಡ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಆ ಸೀಮೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಹೇಳುತ್ತಿದ್ದ ಕಥೆಗಳನ್ನು ಕೇಳಿ ಬರೆದಿಟ್ಟುಕೊಂಡರು. 1959ರಲ್ಲಿ ಅಮೆರಿಕಕ್ಕೆ ಹೋದರು. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೊ ವಿಶ್ವವಿದ್ಯಾಲಯದ ಮೇಷ್ಟ್ರು. ಅಷ್ಟು ದೊಡ್ಡ ಊರಲ್ಲಿ ಅವರು ಹಂಚಿದ್ದೇನು? ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಪುಸ್ತಕ ಮಾಡಿದರು. ನಮ್ಮ ಅಜ್ಜಿಯರ ಕಥೆಗಳನ್ನು ಜಗತ್ತಿಗೆ ಕೊಟ್ಟರು.

ಅದರಲ್ಲಿ ಒಂದು ಕಥೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಆಕೆ ಮಲಗಿದ್ದಾಗ ತೆರೆದ ಬಾಯಿಂದ ಹೊರಗೆ ಹಾರಿದವು. ಕಥೆ ಚಪ್ಪಲಿಯಾಗಿ ಬಾಗಿಲ ಮುಂದೆ ಕೂತಿತು. ಹಾಡು ಕೋಟಾಗಿ ಗೂಟಕ್ಕೆ ತೂಗಿತು. ಗಂಡ ಬಂದು “ಯಾರು ಬಂದಾರ?” ಎಂದು ಕೇಳಿದ. ಆಕೆಗೇನು ಗೊತ್ತು? ಜಗಳವಾಯಿತು. ಅವನು ಕಂಬಳಿ ಹೊದ್ದು ಗುಡಿಗೆ ಮಲಗಲು ಹೋದ. ಊರ ದೀಪಗಳೆಲ್ಲ ಆರಿದ ಮೇಲೆ ರಾತ್ರಿ ಅಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು...

“ಹನುಮಪ್ಪನ ಗುಡಿ” ಎಂದರು ಅಜ್ಜಿ, ಶೇಂಗಾದಿಂದ ತಲೆ ಎತ್ತದೆ.

“ಹೌದ್ರಿ, ಹನುಮಪ್ಪನ ಗುಡಿ. ನಿಮಗ ಗೊತ್ತೈತೇನು?”

“ನಮ್ಮವ್ವ ಹೇಳ್ತಿದ್ಲು. ಅವನ ಮನಿ ದೀಪಾನ ಬಂದು ಎಲ್ಲಾ ಹೇಳತೈತಿ. ಅಂವ ಬೆಳಕಹರಿದು ಮನಿಗೆ ಬಂದು, ಆ ಕಥಿ ಹೇಳು, ಆ ಹಾಡು ಹೇಳು ಅಂತಾನ. ಆಕೀಗೆ ಎರಡೂ ಮರತು ಹೋಗಿರತಾವ.”

ಅಷ್ಟು ಹೇಳಿ ಸುಮ್ಮನಾದರು. ನಾನೂ ಮುಂದೆ ಏನೂ ಹೇಳಲಿಲ್ಲ. ಮಕ್ಕಳೇ, ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ದೀಪಗಳು ಮಾತಾಡುವುದು ಈ ಕಥೆಯಿಂದಲೇ. ಆ ಕಥೆಯನ್ನು ಅವರಿಗೆ ಹೇಳಿದವರು ರಾಮಾನುಜನ್.

ಇದಾಗಿ ಕೆಲವು ದಿನಕ್ಕೆ, ಹೋದ ವಾರ, ದುಬೈನ ಆ ಶಾಲೆಯಲ್ಲಿ ಮನೆಯ ಕಥೆ ಹೇಳುವ ದಿನ ಬಂತು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಕಥೆ ಹೇಳಬೇಕು, ಟೀಚರೂ ಹೇಳಬೇಕು. ನಮ್ಮ ಹುಡುಗಿ ಕಾಗಕ್ಕ-ಗುಬ್ಬಕ್ಕನ ಕಥೆ ತೆಗೆದಳು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಯಿತು. ಕಾಗಕ್ಕ ಬಂದು ಬಾಗಿಲು ಬಡಿದಳು. ಗುಬ್ಬಕ್ಕ ತಡಿ, ಕೂಸಿಗೆ ಎರೀತೀನಿ ಎಂದಳು. ತಡಿ, ಕೂಸಿಗೆ ಉಣಿಸ್ತೀನಿ ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಶಾಲೆ ಸೇರಿದಾಗಿನಿಂದ ಬಾಯಿ ಬಿಡದ ಒಬ್ಬ ಹುಡುಗ ಇದ್ದ. ಯುದ್ಧದಿಂದಾಗಿ ಅವನ ಮನೆಯವರು ತಮ್ಮ ದೇಶ ಬಿಟ್ಟು ಬಂದಿದ್ದರು. ಎಲ್ಲರೂ ಹೊರಗೆ ಓಡಿದ ಮೇಲೆ ಅವನು ಮೇಜಿನ ಹತ್ತಿರ ಬಂದು ನಿಂತ.

“ಟೀಚರ್, ಗುಬ್ಬಕ್ಕ ಕೂಡಲೇ ಯಾಕೆ ಬಾಗಿಲು ತೆಗೆಯಲಿಲ್ಲ?”

ಗುತ್ತಲದಲ್ಲಿ ಈ ಕಥೆ ಕೇಳಿದ ನಾವ್ಯಾರೂ ಹಾಗೆ ಕೇಳಿದ್ದಿಲ್ಲ. ಟೀಚರಿಗೆ ಉತ್ತರ ಹೊಳೆಯಲಿಲ್ಲ. ಕಥೆಯ ಕೊನೆಯೂ ಸರಿಯಾಗಿ ನೆನಪಿರಲಿಲ್ಲ. ನಾಳೆ ಹೇಳ್ತೀನಿ ಎಂದಳು.

ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಏಳೂ ನಲವತ್ತು, ಇಲ್ಲಿ ಒಂಬತ್ತೂ ಹತ್ತು. ಹುಡುಗಿ ಫೋನ್ ಮಾಡಿ ಅವ್ವನನ್ನು ಕೇಳಿದಳು. “ನಂಗೆಲ್ಲಿ ನೆನಪೈತವಾ, ಅಮ್ಮನ್ನ ಕೇಳಬೇಕು” ಎಂದು ಅವ್ವ ಫೋನನ್ನು ಅಜ್ಜಿಯ ಕಿವಿಗೆ ಹಿಡಿದರು. ಹುಡುಗಿ ತನ್ನಷ್ಟಕ್ಕೆ ಎಲ್ಲ ಹೇಳಿದಳು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಹುಡುಗನ ಹೆಸರೇನು?” ಎಂದು ಕೇಳಿದರು. ಮೂರು ತಿಂಗಳಲ್ಲಿ ಮೊದಲ ಮಾತು ಅದು. ಹೆಸರು ಕೇಳಿದರು, ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಗಿ ಅಂದರು.

“ಗುಬ್ಬಕ್ಕಗ ಸಿಟ್ಟಿತ್ತವಾ. ಸಿಟ್ಟಿದ್ದಾಗ ಬಾಗಲಾ ತೆಗಿಯಾಕ ಹೊತ್ತಾಗತೈತಿ. ನಾ ಮಾಡಲಿಲ್ಲೇನು, ಹಂಗ? ಕಡೀಕ ತೆಗೀತಾಳ ಅಂತ ಹೇಳು ಆ ಹುಡುಗಗ.”

ಆಮೇಲೆ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಕಾಗಕ್ಕನ ದನಿ ಬೇರೆ, ಗುಬ್ಬಕ್ಕನ ದನಿ ಬೇರೆ. ನಾನು ಕೇಳಿದ ನಗು ಕಾಗಕ್ಕನ ದನಿಗೆ ಬಂದದ್ದು. ಅಲ್ಲಿ ಮೊಮ್ಮಗಳು, ಇಲ್ಲಿ ಅಜ್ಜಿ, ಬಾಗಿಲಲ್ಲಿ ನಿಂತ ನಾನು, ಎಲ್ಲರೂ ನಕ್ಕೆವು.

ಅಜ್ಜಿಯ ಮೊದಲ ಪ್ರಶ್ನೆ ಮಾತ್ರ ಹಾಗೇ ಇದೆ. ಇಲ್ಲಿಯ ಮಕ್ಕಳಿಗೂ ಒಳ್ಳೆಯ ಟೀಚರ್ ಬೇಕು. ಹುಡುಗಿಯದು ಎರಡು ವರ್ಷದ ಕರಾರು. ಮುಗಿದ ಮೇಲೆ ಬರುತ್ತಾಳೋ, ಅಲ್ಲೇ ಇರುತ್ತಾಳೋ ಅವಳಿಗೇ ಗೊತ್ತಿಲ್ಲ. ಎಲ್ಲಿದ್ದರೂ ಊರನ್ನು ಮರೆಯುವುದಿಲ್ಲ ಎಂಬ ನಂಬಿಕೆ ನನಗಿದೆ. ನಮ್ಮ ಗುತ್ತಲಕ್ಕೆ ಹೆಸರು ಬಂದದ್ದು 12-13ನೇ ಶತಮಾನದಲ್ಲಿ ಇಲ್ಲಿ ಆಳಿದ ಗುತ್ತ ಅರಸರಿಂದ. ಹತ್ತಿರದ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಮುಕ್ತೇಶ್ವರ ಗುಡಿ ಇದೆಯಲ್ಲ, ಅದು ಅವರ ಕಾಲದ್ದು. ಅವರು ಇಲ್ಲಿ ರಾಜ್ಯ ಕಟ್ಟಿದರೂ ಶಾಸನಗಳಲ್ಲಿ ತಮ್ಮನ್ನು ಉಜ್ಜಯಿನಿಯ ಒಡೆಯರು ಎಂದೇ ಕರೆದುಕೊಂಡರು. ಎಲ್ಲಿಯ ಉಜ್ಜಯಿನಿ, ಎಲ್ಲಿಯ ಗುತ್ತಲ! ಬಂದ ಊರಿನಲ್ಲಿ ಗುಡಿ ಕಟ್ಟಿದರು, ತಮ್ಮದೆಂದ ಊರಿನ ಹೆಸರನ್ನೂ ಬಿಡಲಿಲ್ಲ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮಗೆ ಅರ್ಧ ಮಾತ್ರ ನೆನಪಿರುವ ಒಂದು ಕಥೆಯನ್ನು ಅಜ್ಜ ಅಥವಾ ಅಜ್ಜಿಯ ಹತ್ತಿರ ಹೋಗಿ ಪೂರ್ತಿ ಕೇಳಿ ಬರೆದುಕೊಳ್ಳಿ. ಅದರ ಮೇಲೆ ಒಂದು ‘ಯಾಕೆ’ ಎಂಬ ಪ್ರಶ್ನೆಯನ್ನೂ ಕೇಳಿ. ಅಜ್ಜ-ಅಜ್ಜಿಯರೇ, ಉತ್ತರ ಕೂಡಲೇ ಹೊಳೆಯದಿದ್ದರೆ ಬೈಯಬೇಡಿ. ನಾಳೆ ಹೇಳ್ತೀನಿ ಅನ್ನಿ. ನಮ್ಮ ಹುಡುಗಿಯೂ ಹಾಗೆಯೇ ಅಂದಿದ್ದಳು.